ಬೋಲ್ಟಿನ ಮೇಲಿನ ಬಿಳಿ ಗೆರೆ

ಗೇಟು ದಾಟಿ ಎಡಕ್ಕೆ ಹೊರಳಿಸಿದ ಕೂಡಲೇ ಅವಳಿಗೆ ಗೊತ್ತಾಯಿತು — ಇದು ಮೊನ್ನೆಯ ಕಾರಲ್ಲ.

ಬಣ್ಣ ಅದೇ. ಸ್ಟಿಯರಿಂಗ್ ಅದೇ. ಸೀಟಿನ ಅಂಚಿನ ಹರುಕೂ ಅದೇ. ಆದರೆ ತಿರುವಿನಲ್ಲಿ ಕಾರಿನ ಮೂಗು ಹೊರಕ್ಕೆ ವಾಲಿತು, ಮುಂದಿನ ಟೈರು ಕಿರ್ರೆಂದು ಕಿರುಚಿತು. ಅಪ್ಪ ಇಡೀ ಚಳಿಗಾಲ ಕೂತು ಬಿಡಿಸಿದ್ದ ಹಳೆಯ ಚಾಳಿ ಒಂದೇ ದಿನದಲ್ಲಿ ಮರಳಿ ಬಂದಿತ್ತು. ನೇರ ರಸ್ತೆ ಸಿಕ್ಕಾಗ ಸ್ಟಿಯರಿಂಗ್‌ನಿಂದ ಕೈ ಬಿಟ್ಟು ನೋಡಿದಳು. ಕಾರು ಅತ್ತಿತ್ತ ಎಳೆಯದೆ ನೆಟ್ಟಗೆ ಹೋಯಿತು. ಮತ್ತೊಂದು ತಿರುವು — ಮತ್ತೆ ಅದೇ ವಾಲಾಟ, ಅದೇ ಕಿರುಚಾಟ.

ರಸ್ತೆ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದಳು. ಅಪ್ಪ ಕೈಯಾರೆ ಮಾಡಿದ್ದ ಹೊಸ ಆರ್ಮ್‌ಗಳು ಜಾಗದಲ್ಲಿರಲಿಲ್ಲ. ಅವುಗಳ ಬದಲು, ಕಪಾಟಿನ ಮೂಲೆಯಲ್ಲಿ ದೂಳು ತಿನ್ನುತ್ತಿದ್ದ ಹಳೆಯ ಕರಿ ಆರ್ಮ್‌ಗಳು ಕೂತಿದ್ದವು. ಬೋಲ್ಟುಗಳು ಬಿಗಿಯಾಗಿದ್ದವು, ಪ್ರತಿಯೊಂದರ ಮೇಲೂ ಅವರ ವರ್ಕ್‌ಶಾಪಿನ ಬಿಳಿ ಗೆರೆ ಇತ್ತು. ಏನೂ ನಡೆದೇ ಇಲ್ಲವೆಂಬಂತೆ ಎಲ್ಲ ಅಚ್ಚುಕಟ್ಟಾಗಿತ್ತು.

ಆರ್ಮ್ ಎಂದರೆ ಮುಂದಿನ ಚಕ್ರವನ್ನು ಕಾರಿನ ಮೈಗೆ ಹಿಡಿದಿಡುವ ಉಕ್ಕಿನ ತೋಳು. ಮೇಲೊಂದು, ಕೆಳಗೊಂದು. ಅಪ್ಪನಿಗಿಂತ ಸ್ವಲ್ಪವೇ ಚಿಕ್ಕ ವಯಸ್ಸಿನ ಈ ಕಾರಿನ ಕಾಯಿಲೆಯೆಲ್ಲ ಆ ಮೇಲಿನ ತೋಳಿನಲ್ಲಿತ್ತು. ಜೋರಾಗಿ ತಿರುಗಿಸಿದರೆ ಕಾರಿನ ಜೊತೆ ಚಕ್ರವೂ ಹೊರಕ್ಕೆ ವಾಲಿ, ಟೈರು ತನ್ನ ಅಂಚಿನ ಮೇಲೆ ಓಡುತ್ತಿತ್ತು. ಅಪ್ಪ ಊಟದ ಮೇಜಿನ ಮೇಲೆ ರಟ್ಟಿನ ತುಂಡುಗಳನ್ನು ಗುಂಡುಸೂಜಿಯಿಂದ ಪೋಣಿಸಿ, ಎತ್ತಿ ಇಳಿಸಿ, ದಿನಗಟ್ಟಲೆ ಆಡಿದ. ಅನ್ನ ಆರಿ ತಣ್ಣಗಾದರೂ ಖಬರಿಲ್ಲ. ಕೊನೆಗೊಂದು ದಿನ ತಾನೇ ನಕ್ಕ. ತೋಳಿನ ಒಳತುದಿ ಹೆಬ್ಬೆರಳಿನಷ್ಟು ಕೆಳಗೆ ಕೂತರೆ ಸಾಕು, ಕಾರು ಎಷ್ಟೇ ವಾಲಲಿ, ಚಕ್ರ ನೆಟ್ಟಗೆ ನಿಂತು ಇಡೀ ಪಾದವೂರಿ ಓಡುತ್ತದೆ! ಕಾರಿನ ಮೈಯಲ್ಲಿ ಹಳೆಯ ತೂತಿನ ಕೆಳಗೆ ಹೊಸ ತೂತು ಕೊರೆದ. ಅದಕ್ಕೆ ಹೊಂದುವ ಹೊಸ ಆರ್ಮ್ ಮಾಡಿದ. ಅದನ್ನು ನೋಡಲು ಬಂದವರು ಕಾರಿನ ಬಣ್ಣ ನೋಡಲಿಲ್ಲ, ಬಗ್ಗಿ ಚಕ್ರದ ಗೂಡಿನೊಳಗೆ ಇಣುಕಿ ತಲೆದೂಗಿದರು. ಅಂಥ ಕೆಲಸ ಅದು.

ನಾಳೆ ಬೆಟ್ಟದ ರಸ್ತೆಯಲ್ಲಿ ಹಳೆಯ ಕಾರುಗಳ ಸ್ಪರ್ಧೆ. ಅವಳಿಗೆ ಮೊದಲ ಸಲ ಜಾಗ ಸಿಕ್ಕಿತ್ತು. ತಾನು ಗೆಲ್ಲಬೇಕೆಂಬುದಕ್ಕಿಂತ ಅಪ್ಪನ ಕೈ ಎಂಥದ್ದೆಂದು ಬೆಟ್ಟದ ಮೇಲೆ ಸೇರುವ ಮಂದಿಗೆಲ್ಲ ತೋರಿಸಬೇಕೆಂಬ ಆಸೆ ದೊಡ್ಡದಿತ್ತು. ಆ ಆರ್ಮ್‌ಗಳಿಲ್ಲದೆ ನಾಳೆಗೆ ಅರ್ಥವೇ ಇರಲಿಲ್ಲ.

ಮರಳಿ ಬಂದು ಅಪ್ಪನಿಗೆ ಹೇಳಿದಳು. ಅಪ್ಪ ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದ. ಒರೆಸುತ್ತಲೇ ಇದ್ದ.

"ಹೋಗ್ಲಿ ಬಿಡು," ಅಂದ. "ಹಳೇದರಲ್ಲೇ ಓಡ್ಸು. ಸ್ವಲ್ಪ ನಿಧಾನ ಹೋದ್ರಾಯ್ತು."

ಮಗಳಿಗೆ ಅಳು ಬಂತು. ಆಘಾತಕ್ಕೆ ಮನುಷ್ಯ ಹೀಗೆ ಕಲ್ಲಾಗುತ್ತಾನೆ ಅಂದುಕೊಂಡಳು. ಪೊಲೀಸರಿಗೆ ಹೇಳೋಣವೇ ಎಂದರೆ ಅಪ್ಪ ಬೇಡವೆಂದ. ಆಮೇಲೆ ಅವಳು ಫೋನು ಮಾಡಿದ್ದು ಅತ್ತೆಗೆ.

ಅತ್ತೆ ಅಪ್ಪನ ಅಕ್ಕ. ವಿಮಾ ಕಂಪನಿಗೆ ಜಖಂ ಆದ ವಾಹನಗಳನ್ನು ಪರೀಕ್ಷಿಸಿ ಕೊಡುವುದು ಅವಳ ಕೆಲಸವಾಗಿತ್ತು. ನಜ್ಜುಗುಜ್ಜಾದ ಕಾರನ್ನು ಸುತ್ತು ಹಾಕಿ, 'ಬ್ರೇಕ್ ಹಿಡೀಲಿಲ್ಲ ಅನ್ನೋದು ಸುಳ್ಳು, ಇವನು ಬ್ರೇಕ್ ಒತ್ತೇ ಇಲ್ಲ' ಎಂದು ಹೇಳಿ ಎಷ್ಟೋ ಗಂಡಸರ ಮುಖ ಇಳಿಸಿದವಳು. ನಿವೃತ್ತಿಯಾದರೂ ಕೈಚೀಲದ ಟಾರ್ಚು ನಿವೃತ್ತಿಯಾಗಿರಲಿಲ್ಲ. ಬೀದಿಯವರೆಲ್ಲ ಅವಳನ್ನು ಟಾರ್ಚಮ್ಮ ಎನ್ನುತ್ತಿದ್ದರು, ಅವಳಿಗೂ ಅದು ಗೊತ್ತಿತ್ತು.

ಅತ್ತೆ ಬಂದವಳೇ ಬಾನೆಟ್ ಎತ್ತಿಸಿದಳು. ಸೀರೆ ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಗೋಣಿ ಹಾಸಿ, ಚಕ್ರದ ಗೂಡಿನೊಳಗೆ ತಲೆ ತೂರಿಸಿದಳು. ಬೆಳಕು ಅಲ್ಲಿ ಇಲ್ಲಿ ಓಡಾಡಿತು. ಒಂದೊಂದು ಬೋಲ್ಟಿನ ಹತ್ತಿರವೂ ನಿಂತಿತು. ಹೊರಗೆ ಬಂದಾಗ ಮೂಗಿನ ಮೇಲೆ ಗ್ರೀಸಿತ್ತು, ಕಣ್ಣಿನಲ್ಲಿ ಖುಷಿಯಿತ್ತು.

"ಎಂಥಾ ಕೆಲಸ," ಅಂದಳು. "ಕಳ್ಳ ಅಂದ್ರೆ ಹಿಂಗಿರ್ಬೇಕು."

"ಅತ್ತೆ, ನನ್ನ ಹೊಟ್ಟೆ ಉರೀತಿದೆ, ನೀವು ಹೊಗಳ್ತಿದೀರಾ?"

"ಹೊಗಳೋ ಹಂಗಿದ್ರೆ ಹೊಗಳ್ದೆ ಇರ್ಲಾ? ಕಾರು ಕೊನೇ ಸಲ ಸರಿ ಇದ್ದದ್ದು ಯಾವಾಗ?"

ಮಗಳು ಹೇಳಿದಳು. ಮೊನ್ನೆ ಸಂಜೆ ಕೆರೆ ರಸ್ತೆಯ ದೊಡ್ಡ ತಿರುವಿನಲ್ಲಿ ಪರೀಕ್ಷೆಗೆಂದು ಓಡಿಸಿದ್ದು, ಅಪ್ಪ ತಿರುವಿನ ಅಂಚಿನಲ್ಲಿ ನಿಂತು ನೋಡಿದ್ದು. ಕಾರು ಹಳಿ ಮೇಲಿನ ರೈಲಿನ ಹಾಗೆ ಹೋಗಿತ್ತು, ಟೈರು ಪಿಟಕ್ ಅಂದಿರಲಿಲ್ಲ. ನಿನ್ನೆ ವರ್ಕ್‌ಶಾಪಿಗೆ ರಜೆ. ತಾನು ಹೆಲ್ಮೆಟ್ ಕೊಳ್ಳಲು ಪೇಟೆಗೆ ಹೋಗಿ ಸಂಜೆ ಬಂದದ್ದು. ಷಟರಿನ ಬೀಗ ಮುರಿದಿರಲಿಲ್ಲ. ಕೀಲಿ ಅಪ್ಪನ ಹತ್ತಿರ, ತನ್ನ ಹತ್ತಿರ, ವೆಲ್ಡರ್ ಹತ್ತಿರ. ಇನ್ನೊಂದು ಮೀಟರ್ ಡಬ್ಬಿಯ ಮೇಲೆ ಗುಟ್ಟಾಗಿ ಇರುತ್ತದೆ.

"ಆ ಗುಟ್ಟು ಯಾರಿಗೆಲ್ಲ ಗೊತ್ತು?"

"ಬೀದಿಗೆಲ್ಲ."

ಅತ್ತೆ ನಿಟ್ಟುಸಿರುಬಿಟ್ಟಳು. ಯಾರ ಮೇಲೆ ಅನುಮಾನ ಎಂದು ಕೇಳಿದಾಗ ಮಗಳು ತಡಮಾಡಲಿಲ್ಲ.

"ಅಸಲಿ ಮಾಮ. ಇನ್ಯಾರು?"

ಅಸಲಿ ಮಾಮ ಅಪ್ಪನ ಬಾಲ್ಯದ ಗೆಳೆಯ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು. ಹಳೆಯ ಕಾರೆಂದರೆ ಅದರ ಕೊನೆಯ ತಿರುಪೂ ಅಸಲಿಯಾಗಿರಬೇಕು ಎಂಬುದು ಅವರ ಹಟ. ಅಪ್ಪ ಹೊಸ ತೂತು ಕೊರೆದ ದಿನ ಅವರು ಎಲ್ಲರ ಮುಂದೆ, 'ದೇವರಂಥ ಕಾರಿಗೆ ಕೊಡಲಿ ಹಾಕಿದೆಯಲ್ಲೋ' ಎಂದು ಕೂಗಾಡಿ ಎದ್ದು ಹೋಗಿದ್ದರು. ಮಾರನೆಯ ದಿನ ಬಂದದ್ದೂ ನಿಜ, ಆದರೆ ಬಾನೆಟ್ ಕಡೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಈಗ ಯಾರೋ ಬಂದು ಹೊಸದನ್ನು ಬಿಚ್ಚಿ ಅಸಲಿಯನ್ನೇ ತಿರುಗಿ ಹಾಕಿ ಹೋಗಿದ್ದಾರೆ. ಇನ್ನೇನು ಬೇಕು?

ಅತ್ತೆ ಒಬ್ಬೊಬ್ಬರನ್ನೇ ಕರೆಸಿದಳು. ಮೊದಲು ವೆಲ್ಡರ್. ಎಲ್ಲರೂ ಅವನನ್ನು ಕಿಡಿ ಎಂದೇ ಕರೆಯುತ್ತಿದ್ದರು, ಕೆಲಸಕ್ಕೂ ಸರಿ, ಸ್ವಭಾವಕ್ಕೂ ಸರಿ. ಅವನು ಬೆಸೆದ ಮೊದಲ ಆರ್ಮನ್ನು ಅಪ್ಪ ಗರಗಸದಿಂದ ಕೊಯ್ದು ಎಸೆದಿದ್ದ. ಆ ಸಿಟ್ಟು ಇಲ್ಲವೇ ಎಂದು ಅತ್ತೆ ಕೇಳಿದಳು.

"ಇತ್ತು," ಅಂದ ಕಿಡಿ. "ಊಟ ಬಿಟ್ಟಿದ್ದೆ. ಆದ್ರೆ ಯಜಮಾನ್ರು ಕೊಯ್ದಿದ್ದನ್ನ ನನ್ನ ಕೈಗೇ ಕೊಟ್ರು. ಒಳಗೆ ಗಾಳಿಗುಳ್ಳೆ ಇತ್ತು. ನನ್ನ ಕಣ್ಣಿಗೇ ಕಂಡ ಮೇಲೆ ಯಾರ ಮೇಲೆ ಸಿಟ್ಟು ಮಾಡ್ಲಿ? ಎರಡನೇದನ್ನ ಬೆಸೆದಾಗ ಅವರು ಏನೂ ಮಾತಾಡ್ಲಿಲ್ಲ, ಬೆನ್ನು ತಟ್ಟಿದ್ರು. ಅದನ್ನ ನಾನು ಕದೀತೀನಾ?"

ನಿನ್ನೆ ಅವನು ನಾದಿನಿಯ ಮನೆಗೆ ಸುಣ್ಣ ಹೊಡೆಯುತ್ತಿದ್ದ. ಕೂದಲಲ್ಲಿ ಇನ್ನೂ ಸುಣ್ಣವಿತ್ತು.

ಆಮೇಲೆ ಎದುರು ಸಾಲಿನ ಗ್ಯಾರೇಜಿನವನು. ಬೀದಿಯವರು ಅವನಿಗಿಟ್ಟ ಹೆಸರು ಗಡಿಬಿಡಿ, ಸ್ವಭಾವವೂ ಅದೇ. ನಾಳೆಯ ಸ್ಪರ್ಧೆಯಲ್ಲಿ ಅವನೂ ಇದ್ದ. ಟಾರ್ಚಮ್ಮ ಅವನ ಮುಖಕ್ಕೆ ಬೆಳಕು ಬಿಡದೆಯೇ ಅವನು ಬೆವೆತ.

"ಒಳಗೆ ಬಂದಿದ್ಯಾ?"

"ನಿನ್ನೆ ಅಲ್ಲ. ಹೋದ ತಿಂಗಳು. ಹೊಸ ತೂತಿನ ಅಳತೆ ತಗೊಂಡೆ, ಅಷ್ಟೇ. ಅಳತೆ ಕದ್ದಿದ್ದು ಹೌದಮ್ಮ, ಸಾಮಾನು ಕದ್ದಿಲ್ಲ."

"ಅಳತೆ ಉಪಯೋಗಕ್ಕೆ ಬಂತಾ?"

"ಎಲ್ಲಿ ಬಂತು? ನನ್ನ ಕಾರಿಗೆ ಹಾಕಿದ್ರೆ ಚಕ್ರ ಬಾತುಕೋಳಿ ಕಾಲಿನ ಥರ ಆಯ್ತು." ಅವನು ಅಪ್ಪನ ಕಡೆ ನೋಡಿದ. "ಅದು ಈ ಕಾರಿಗೇ ಅಂತ ಇವರು ಕಂಡುಹಿಡಿದ ಅಳತೆ. ನಮ್ಮಂಥೋರಿಗೆ ದಕ್ಕಲ್ಲ."

ಅಷ್ಟರಲ್ಲಿ ಗಿರಾಕಿಯೊಬ್ಬರ ಕಾರು ಟಕಟಕ ಸದ್ದು ಮಾಡುತ್ತ ಒಳಬಂತು. ಅವರು ಬಾಗಿಲು ತೆಗೆದು ಇಳಿಯುವಷ್ಟರಲ್ಲಿ ಅಪ್ಪ ಪುಟ್ಟ ಗಾಲಿಗಳ ಹಲಗೆ ಎಳೆದು, ಅಂಗಾತ ಮಲಗಿ, ಕಾರಿನಡಿ ಸರ್ರನೆ ಮಾಯವಾಗಿದ್ದ. ಅತ್ತೆ ಆ ಹೊರಚಾಚಿದ ಕಾಲುಗಳನ್ನು ಬಹಳ ಹೊತ್ತು ನೋಡಿದಳು.

ಕೊನೆಗೆ ಅಸಲಿ ಮಾಮ ಬಂದರು, ಊರುಗೋಲು ಊರುತ್ತ. ಸೊಂಟ ನೋವು, ಬಗ್ಗುವ ಹಾಗಿರಲಿಲ್ಲ. ನಿನ್ನೆ ಮಧ್ಯಾಹ್ನ ಎಲ್ಲಿದ್ದಿರಿ ಎಂದು ಅತ್ತೆ ಕೇಳಿದಳು. ಅವರು ಬಾನೆಟ್ ಕಡೆ ಬೆನ್ನು ಹಾಕಿ ನಿಂತರು. ಇಲ್ಲಿಗೆ ಬಂದಿದ್ದಿರಾ? ಅವರು ಊರುಗೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

ಮಗಳಿಗೆ ತಡೆಯಲಾಗಲಿಲ್ಲ. ಈ ಮನುಷ್ಯ ಅವಳಿಗೆ ಪೆನ್ಸಿಲ್ ಹಿಡಿಯಲು ಕಲಿಸಿದವರು, ಅವಳ ಸೈಕಲ್ಲಿನ ಹಿಂದೆ ಓಡಿದವರು.

"ಹೇಳಿ ಮಾಮ. ನೀವೇ ತಾನೆ?"

"ನಾನು ಏನೂ ಹೇಳಲ್ಲಮ್ಮ. ನಿನಗೆ ಏನು ಅನ್ನಿಸುತ್ತೋ ಅನ್ನು."

"ಹಾಗಾದ್ರೆ ಇನ್ನು ಮೇಲೆ ಈ ಕಡೆ ಬರಬೇಡಿ."

ಗಿರಾಕಿಯ ಕಾರಿನಡಿಯಿಂದ ಬರುತ್ತಿದ್ದ ಸ್ಪ್ಯಾನರಿನ ಸದ್ದು ನಿಂತಿತು. ಅಸಲಿ ಮಾಮ ತಲೆ ತಗ್ಗಿಸಿ ಬಾಗಿಲ ಕಡೆ ತಿರುಗಿದರು.

"ಕೂತ್ಕೊಳ್ರೀ," ಅಂದಳು ಅತ್ತೆ. "ಎಲ್ಲಿಗೆ ಹೊರಟ್ರಿ? ಲೋ, ನೀನೂ ಹೊರಗೆ ಬಾ. ಆ ಕಾರಿನ ಟಕಟಕ ಎಲ್ಲೂ ಓಡಿಹೋಗಲ್ಲ."

ಅಪ್ಪ ಹೊರಬಂದು ಮತ್ತೆ ಸ್ಟೂಲಿನ ಮೇಲೆ ಕೂತ. ಗಿರಾಕಿಯನ್ನು ಚಹಾಕ್ಕೆಂದು ಹೊರಗೆ ಕಳಿಸಿ, ಅತ್ತೆ ಹಳೆಯ ಕಾರಿನ ಪಕ್ಕ ನಿಂತಳು.

"ನಾನು ಮುರಿದಿರೋ ಕಾರು ನೋಡ್ತಾ ಮುದುಕಿ ಆದೋಳು. ಕೆಟ್ಟ ಕೆಲಸ ನೋಡಿದ ಕೂಡ್ಲೆ ಗೊತ್ತಾಗುತ್ತೆ. ಇಲ್ಲಿ ಕೆಟ್ಟ ಕೆಲಸವೇ ಇಲ್ಲ. ಮಗಾ, ಬೆಳಿಗ್ಗೆ ನೇರ ರಸ್ತೇಲಿ ಕೈ ಬಿಟ್ಟು ನೋಡಿದ್ಯಾ? ಕಾರು ಹೇಗೆ ಹೋಯ್ತು?"

"ನೆಟ್ಟಗೆ."

"ಅದು ಹೇಗೆ? ಆರ್ಮ್ ಬದಲಾದ್ರೆ ಅದರ ಹಿಂದೆ ಇರೋ ತೆಳು ತಗಡುಗಳನ್ನ ಸರಿಯಾದ ಲೆಕ್ಕಕ್ಕೆ ಜೋಡಿಸಬೇಕು. ಇಲ್ಲಾಂದ್ರೆ ಒಂದು ಕಡೆ ಎಳೆಯುತ್ತೆ. ಕಳ್ಳ ಜೋಡಿಸಿದ್ದಾನೆ. ದಾರ ಕಟ್ಟಿ ಚಕ್ರ ನೇರ ಮಾಡಿದ್ದಾನೆ. ಸಾಮಾನು ಹೊತ್ಕೊಂಡು ಓಡೋನಿಗೆ ಇದೆಲ್ಲ ಯಾಕೆ?"

ಅತ್ತೆ ಟಾರ್ಚಿನ ಬೆಳಕನ್ನು ಆರ್ಮಿನ ಬುಡಕ್ಕೆ ಬಿಟ್ಟಳು.

"ಇನ್ನೊಂದು. ಆರ್ಮಿನ ಬುಡದಲ್ಲಿ ಬುಷ್ ಅಂತ ಒಂದು ರಬ್ಬರ್ ಉಂಗುರ ಇರುತ್ತೆ. ಕಾರನ್ನ ಜಾಕ್ ಮೇಲೆ ನಿಲ್ಲಿಸಿ, ಚಕ್ರ ಜೋತಾಡ್ತಿರುವಾಗಲೇ ಅದರ ನಟ್ಟು ಬಿಗಿದ್ರೆ, ಕೆಳಗಿಳಿಸಿದ ಮೇಲೆ ಆ ರಬ್ಬರ್ ತಿರುಚಿಕೊಂಡೇ ಇರುತ್ತೆ, ಕಾರಿನ ಮೂಗು ಮೇಲೆ ನಿಲ್ಲುತ್ತೆ. ಇವನ ಗ್ಯಾರೇಜಿನ ಕಾರುಗಳ ಹಾಗೆ." ಗಡಿಬಿಡಿ ಕೆಮ್ಮಿದ. "ಈ ಕಳ್ಳ ಹಾಗೆ ಮಾಡಿಲ್ಲ. ಕಾರನ್ನ ಕೆಳಗಿಳಿಸಿ, ಭಾರವೆಲ್ಲ ಚಕ್ರದ ಮೇಲೆ ಬಂದ ಮೇಲೆ, ಆ ಇಕ್ಕಟ್ಟಿನಲ್ಲಿ ನೆಲದ ಮೇಲೆ ಮಲಗಿ ಬಿಗಿದಿದ್ದಾನೆ. ಗಡಿಬಿಡಿಗೆ ಅಷ್ಟು ತಾಳ್ಮೆ ಇಲ್ಲ. ಕಿಡಿಗೆ ತಗಡಿನ ಲೆಕ್ಕ ಗೊತ್ತಿಲ್ಲ. ಇವರಿಗೆ ಸೊಂಟ ಬಗ್ಗಲ್ಲ, ಮಲಗೋದೆಲ್ಲಿ ಬಂತು?"

ಅಸಲಿ ಮಾಮ ಊರುಗೋಲಿನ ತುದಿ ನೋಡುತ್ತಿದ್ದರು.

"ಹಾಗಾದ್ರೆ ಯಾರೂ ಅಲ್ವಾ?" ಮಗಳು ಕೇಳಿದಳು.

"ಇದು ಒಬ್ಬರ ಕೆಲಸ ಅಂತ ಯಾರು ಹೇಳಿದ್ದು? ಈ ಬಿಳಿ ಗೆರೆ ನೀನು ಬೆಳಿಗ್ಗೆ ನೋಡಲಿಲ್ವಾ?"

ನೋಡಿದ್ದಳು. ಹುಟ್ಟಿದಾಗಿನಿಂದ ನೋಡಿದ ಗೆರೆ, ಆದ್ದರಿಂದಲೇ ಕಣ್ಣಿಗೆ ಬಿದ್ದರೂ ಕಂಡಿರಲಿಲ್ಲ. ಅದು ಈ ವರ್ಕ್‌ಶಾಪಿನ ಕಟ್ಟುಪಾಡು. ನಟ್ಟು ಬಿಗಿದವರು ಗೆರೆ ಎಳೆಯುವಂತಿಲ್ಲ. ಇನ್ನೊಬ್ಬರು ಬಂದು, ಸ್ಪ್ಯಾನರ್ ಹಾಕಿ ನೋಡಿ, ಬಿಗಿಯಾಗಿದೆ ಎಂದು ಒಪ್ಪಿದ ಮೇಲೆ ನಟ್ಟಿನಿಂದ ಲೋಹದವರೆಗೆ ಬಿಳಿ ಬಣ್ಣದ ಗೆರೆ ಎಳೆಯಬೇಕು. ಅಮ್ಮ ಇದ್ದಾಗ ಆ ಕುಂಚ ಅಮ್ಮನ ಕೈಯಲ್ಲಿರುತ್ತಿತ್ತು. ಅಪ್ಪ ಬಿಗಿದದ್ದನ್ನು ಅಮ್ಮ ಎಷ್ಟೋ ಸಲ ಒಪ್ಪದೆ ಮತ್ತೆ ಬಿಗಿಸಿದ್ದುಂಟು. ಅಮ್ಮ ಹೋದ ಮೇಲೂ ಅಪ್ಪ ತಾನು ಬಿಗಿದ ಬೋಲ್ಟಿಗೆ ತಾನೇ ಗೆರೆ ಎಳೆದದ್ದಿಲ್ಲ.

"ಮುಟ್ಟಿ ನೋಡು," ಅಂದಳು ಅತ್ತೆ. "ಬಣ್ಣ ಉಗುರಿಗೆ ಇನ್ನೂ ಮೆತ್ತಗೆ ಸಿಗುತ್ತೆ. ನಿನ್ನೇದು. ಕಳ್ಳನಿಗೆ ಗೆರೆ ಯಾಕೆ ಬೇಕಾಗಿತ್ತು? ಯಾಕಂದ್ರೆ ಈ ಕಾರು ಓಡಿಸೋದು ನೀನು. ಗೆರೆ ಇಲ್ಲದ ಬೋಲ್ಟಿನ ಮೇಲೆ ನಿನ್ನನ್ನ ಕಳಿಸೋಕೆ ಅವನಿಗೆ ಮನಸ್ಸು ಬರಲಿಲ್ಲ. ಇನ್ನೊಬ್ಬರನ್ನ ಕರೆದ. ಬಲ ಹಾಕಿ ಬಿಗಿಯೋಕೆ ಅಡಿಯಲ್ಲಿ ಮಲಗಬೇಕು. ಸ್ಪ್ಯಾನರ್ ಇಟ್ಟು ನೋಡಿ ಗೆರೆ ಎಳೆಯೋದನ್ನ ಬಾನೆಟ್ ಎತ್ತಿ ನಿಂತುಕೊಂಡೇ ಮಾಡಬಹುದು, ಸೊಂಟ ಬಗ್ಗಿಸಬೇಕಾಗಿಲ್ಲ. ಗೆರೆ ನೋಡು, ಸ್ಕೇಲ್ ಇಟ್ಟ ಹಾಗಿದೆ. ಡ್ರಾಯಿಂಗ್ ಮೇಷ್ಟ್ರ ಕೈ ಅಲ್ದೆ ಇನ್ಯಾರದು?"

ಮಗಳು ಮಾಮನ ಮುಖ ನೋಡಿದಳು. ಅವರು ಕಣ್ಣು ತಪ್ಪಿಸಿದರು.

"ಗೆರೆ ಎಳೆದದ್ದು ಇವರು. ಬಿಗಿದದ್ದು..." ಅತ್ತೆ ತಮ್ಮನ ಕಡೆ ತಿರುಗಿದಳು. ದನಿ ಮೆತ್ತಗಾಯಿತು. "ಯಾರದೋ ಕಾರು ಟಕಟಕ ಅಂದ್ರೆ ಅವರು ಇಳಿಯೋಕೆ ಮುಂಚೆ ನೀನು ಅಡಿಯಲ್ಲಿ ಇರ್ತೀಯ. ನಿನ್ನ ಸ್ವಂತ ಕಾರಿನ ಆರ್ಮ್ ಹೋಗಿದೆ ಅಂತ ಮಗಳು ಅಳ್ತಾ ಹೇಳಿದ್ರೆ ಸ್ಟೂಲ್ ಬಿಟ್ಟು ಏಳಲಿಲ್ಲ. ಬೆಳಿಗ್ಗೆಯಿಂದ ಒಂದು ಸಲನೂ ಬಗ್ಗಿ ನೋಡಲಿಲ್ಲ. ಅಲ್ಲಿ ಏನಿದೆ ಅಂತ ಗೊತ್ತಿದ್ದೋನು ಮಾತ್ರ ಹಾಗೆ ಕೂರ್ತಾನೆ. ಕಳ್ಳತನ ಮಾಡೋಕೂ ನಿನಗೆ ಅರೆಬರೆ ಕೆಲಸ ಬರಲ್ಲ ಕಣೋ."

ಅಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ, ಬಿಡಿಸಿದ.

"ಅಪ್ಪಾ?"

"ಮೊನ್ನೆ ತಿರುವಿನಲ್ಲಿ ನಿಂತಿದ್ನಲ್ಲ," ಅಂದ ಅಪ್ಪ. "ನೀನು ಬಂದೆ. ಅಷ್ಟು ಜೋರಾಗಿ ಆ ತಿರುವಿಗೆ ನುಗ್ಗಿದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ. ಟೈರಿನ ಸದ್ದು ಬರುತ್ತೆ ಅಂತ ಕಾದೆ. ಬರಲಿಲ್ಲ. ಹಳೇ ಕಾರು ಕಿರುಚ್ತಿತ್ತು, ಕಿರುಚಿದ್ರೆ ನೀನು ನಿಧಾನ ಮಾಡ್ತಿದ್ದೆ. ನಾನೇ ಅದರ ಬಾಯಿ ಕಟ್ಟಿಬಿಟ್ಟೆ. ಇನ್ನು ನಿನಗೆ ಹೇಳೋರು ಯಾರು?" ಅವನು ಬಟ್ಟೆಯನ್ನು ಮೊಣಕಾಲ ಮೇಲೆ ಹಾಸಿದ. "ಹೋಗಬೇಡ ಅನ್ನೋಕೆ ಬಾಯಿ ಬರಲಿಲ್ಲ. ನಿನ್ನ ಮುಖ ನೋಡಿದ್ದೆ. ಇವನನ್ನ ಕರೆದೆ, ಗೆರೆ ಎಳೆಯೋಕೆ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದೆ. ನೀನು ಅವನನ್ನ ಬರಬೇಡ ಅಂದಾಗಲೇ ಎದ್ದು ಬರಬೇಕಾಗಿತ್ತು. ಹೇಡಿ ಆದೆ."

ಮಗಳಿಗೆ ಸಿಟ್ಟು ಬಂತು, ಮರುಕ್ಷಣವೇ ಕರಗಿತು. ಇಷ್ಟು ದೊಡ್ಡ ಕೈಗೆಲಸದವನು ತನ್ನ ಕೆಲಸಕ್ಕೇ ಹೆದರಿ ಕೂತಿದ್ದ. ಅವಳು ಎದುರಿಗೆ ಗೋಣಿಯ ಮೇಲೆ ಕುಕ್ಕರಿಸಿದಳು.

"ಟೈರು ಕಿರುಚಲಿ ಅಂತ ನಾನು ಕಾಯಲ್ಲ ಅಪ್ಪ. ಸ್ಟಿಯರಿಂಗ್ ಹೇಳುತ್ತೆ. ನೀನು ಮಾಡಿದ ಮೇಲಂತೂ ಚೆನ್ನಾಗಿ ಹೇಳುತ್ತೆ. ಟೈರಿನ ಹಿಡಿತ ಮುಗೀತಾ ಬಂದ್ರೆ ಅದು ಕೈಗೆ ಹಗುರ ಆಗುತ್ತೆ. ಮುಂಚೆ ಹೀಗೆ ಗೊತ್ತಾಗ್ತಾನೇ ಇರಲಿಲ್ಲ. ಮೊನ್ನೆ ಒಂದು ಸಲವೂ ಹಗುರ ಆಗಲಿಲ್ಲ. ಇನ್ನೂ ಬೇಕಾದಷ್ಟು ಬಾಕಿ ಇತ್ತು."

ಅಪ್ಪ ತಲೆ ಎತ್ತಿದ.

"ಹಗುರ ಆಗುತ್ತಾ?"

"ಹೂಂ. ಖಾಲಿ ಮೈದಾನದಲ್ಲಿ ಬೇಕಂತಲೇ ಮಾಡಿ ನೋಡಿದೀನಿ."

"ಒಮ್ಮೆಲೇನೋ, ಮೆಲ್ಲಗೋ?"

"ಮೆಲ್ಲಗೆ. ಎಚ್ಚರಿಸಿ ಆಗುತ್ತೆ."

"ಎಡಕ್ಕೆ ತಿರುಗಿಸಿದಾಗಲೂ ಅಷ್ಟೇನಾ? ಬಲಕ್ಕೆ?"

"ಎಡಕ್ಕೆ ಸ್ವಲ್ಪ ಬೇಗ."

"ಹಾಗಾದ್ರೆ ಬಲಚಕ್ರಕ್ಕೆ ಒಂದು ತಗಡು ಬದಲಾಯಿಸಬೇಕು," ಅಂದ ಅಪ್ಪ. ಎದ್ದೇಬಿಟ್ಟ. ಗಾಲಿ ಹಲಗೆಯನ್ನು ಕಾಲಿನಿಂದ ಎಳೆದುಕೊಂಡು, ಬೆಳಿಗ್ಗೆಯಿಂದ ಮುಖ ಕೊಡದಿದ್ದ ತನ್ನ ಕಾರಿನಡಿ ಸರ್ರನೆ ಹೋದ. ಅತ್ತೆ ಟಾರ್ಚು ಆರಿಸಿ ಕೈಚೀಲಕ್ಕೆ ಹಾಕಿಕೊಂಡಳು.

ಹೊಸ ಆರ್ಮ್‌ಗಳು ಅಸಲಿ ಮಾಮನ ಮನೆಯ ಮಂಚದ ಕೆಳಗಿದ್ದವು. ಕಿಡಿ ಹೋಗಿ ತಂದ. ಬಿಚ್ಚಿ ನೋಡಿದರೆ, ಅವುಗಳನ್ನು ಹಾಳು ಎಂದು ಬೈದ ಮನುಷ್ಯ ತುಕ್ಕು ಹಿಡಿಯಬಾರದೆಂದು ಗ್ರೀಸ್ ಸವರಿ, ತನ್ನ ಹಳೆಯ ಪಂಚೆಯಲ್ಲಿ ಮಗುವಿನ ಹಾಗೆ ಸುತ್ತಿಟ್ಟಿದ್ದರು. ಮಗಳು ಅವರ ಕೈ ಹಿಡಿದುಕೊಂಡು ಕ್ಷಮಿಸಿ ಎಂದಳು. ಅವರು ಊರುಗೋಲಿನಿಂದ ಅವಳ ಕಾಲಿಗೆ ಮೆಲ್ಲಗೆ ತಟ್ಟಿ, ತೂತು ಕೊರೆದದ್ದು ತಪ್ಪೇ, ಆದರೆ ತಪ್ಪನ್ನು ಇಷ್ಟು ಚೆನ್ನಾಗಿ ಮಾಡಿದವನನ್ನು ತಾನು ಕಂಡಿಲ್ಲ ಎಂದರು.

ಎಲ್ಲರೂ ಕೈಹಾಕಿದರು. ಗಡಿಬಿಡಿ ಕೂಡ ತನ್ನ ಜಾಕ್ ತಂದ. ಸ್ಪ್ರಿಂಗ್ ಅದುಮಿ ಹಿಡಿದು, ಹಳೆಯದನ್ನು ಬಿಚ್ಚಿ, ಹೊಸ ಆರ್ಮ್ ಕೂರಿಸಿ, ಕಾರನ್ನು ನೆಲಕ್ಕಿಳಿಸಿದಾಗ ಸಂಜೆಯ ಬಿಸಿಲು ಷಟರಿನ ಒಳಗೆ ಬಂದಿತ್ತು. ಅಪ್ಪ ಸ್ಪ್ಯಾನರನ್ನು ಮಗಳ ಕೈಗಿಟ್ಟ. ಅವಳು ಅಂಗಾತ ಮಲಗಿ, ಇಕ್ಕಟ್ಟಿನಲ್ಲಿ ಕೈ ತೂರಿಸಿ, ಒಂದೊಂದನ್ನೇ ಬಿಗಿದಳು. ಹೊರಗೆ ಬಂದು ಕುಂಚದ ಡಬ್ಬಿಯನ್ನು ಅಸಲಿ ಮಾಮನ ಕಡೆ ಚಾಚಿದಳು.

"ಇಲ್ಲಿ ಕೊಡು," ಅಂದ ಅಪ್ಪ.

ಪ್ರತಿ ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಿದ. ಒಂದರ ಬಳಿ ತಡೆದು, ಮತ್ತೆ ಬಿಗಿಸಿದ. ಆಮೇಲೆ ಕುಂಚ ಅದ್ದಿ, ಬಗ್ಗಿ, ನಟ್ಟಿನಿಂದ ಲೋಹದವರೆಗೆ ಗೆರೆ ಎಳೆದ. ಗೆರೆ ಡೊಂಕಾಯಿತು. ಡ್ರಾಯಿಂಗ್ ಮೇಷ್ಟರು ನೋಡಿಯೂ ಸುಮ್ಮನಿದ್ದರು.

"ನಾಳೆ ಎರಡನೇ ತಿರುವಿನಲ್ಲಿ ನಿಂತಿರ್ತೀನಿ," ಅಂದ ಅಪ್ಪ.

"ಸದ್ದು ಬರಲ್ಲ ಅಪ್ಪ."

"ಗೊತ್ತು," ಅಂದ ಅಪ್ಪ, ಮುಂದಿನ ಬೋಲ್ಟಿಗೆ ಕುಂಚ ಅದ್ದುತ್ತ. "ಬರಬಾರದು."